ಅರಿಶಿಣದಾಗ ಬರೆದ ಪಾಸ್‌ವರ್ಡ್

ಮಣ್ಣೂರ, ಸೋಮವಾರ

ಸೂಪರ್‌ವೈಸರ್ ಜೀನತ ಮೇಡಂ ಅವರಿಗೆ ಅಂಗನವಾಡಿ ಸಹಾಯಕಿ ಕಾಶಿಬಾಯಿಯ ನಮಸ್ಕಾರ.

ಇವತ್ತು ಉಪವಾಸ ಅದರಿ. ಕಸ ಹೊಡೆದು, ನೀರು ತುಂಬಿ, ಬರೆಯಾಕತ್ತೇನಿ.

ತೀರಿಕೊಂಡ ಟೀಚರ್ ಶಿವಗಂಗಾನ ಕೆಲಸದ ಫೋನು ನನಗ ಕೊಟ್ಟಿದ್ರಿ. ಅದರಾಗಿನ ತನ್ನ ಖಾತೆಯ ಪಾಸ್‌ವರ್ಡ್ ಅಕಿ ಅಂಗನವಾಡಿಯ ದೇವರ ಫೋಟೊದ ಕೆಳಗ, ಗ್ವಾಡಿ ಮ್ಯಾಲೆ ಅರಿಶಿಣದಾಗ ಬರೆದಿದ್ದಳು. ಅಕಿ ಕೈಬರಹ ಅಂತ ನಾ ಅಳಿಸಲಿಲ್ಲ, ಬದಲೂ ಮಾಡಲಿಲ್ಲ. ತಪ್ಪು ನಂದೇ.

ಯಾರೋ ನೋಡಿಕೊಂಡು ಹೋಗ್ಯಾರ. ನಿನ್ನೆಯಿಂದ ಅಕಿ ಹೆಸರಿಲೆ, ಅಕಿ ನಗೋ ಫೋಟೊದ ಸಂಗಟ ತಾಯಂದಿರಿಗೆ ಮೆಸೇಜ್ ಬರಾಕತ್ತಾವ: "ಕೂಸಿನ ಆಧಾರ್ ಕಳಿಸ್ರಿ." ಏಳು ಮಂದಿ ಕಳಿಸ್ಯಾರ. ಒಬ್ಬಾಕಿಗೆ ಬೈದೆ. "ಸತ್ತಾಕಿ ಕೇಳಿದ್ರ ಹ್ಯಾಂಗ ಇಲ್ಲ ಅನ್ನಲಿ ಬೇ?" ಅಂದಳು.

ಅಕಿ ಖಾತೆ ಇವತ್ತೇ ಬಂದ್ ಮಾಡಿಸ್ರಿ. ಗ್ವಾಡಿ ಒರೆಸಿದೆ, ಹಳದಿ ಹೋಗವಲ್ದು.

ಉತ್ತರ ಫೋನಿನಾಗ ಬ್ಯಾಡ್ರಿ. ಯಾರ ಹೆಸರು ಮೂಡ್ತದೋ ಅಂತ ಅಂಜಿಕಿ. ಈ ಪತ್ರ ತಂದ ಆಟೋದ ಹುಸೇನಪೀರ ಅಲ್ಲೇ ಕಾಯ್ತಾನ, ಚೀಟಿ ಅವನ ಕೈಯಾಗ ಕಳಿಸ್ರಿ.

ನಿಮ್ಮ
ಕಾಶಿಬಾಯಿ