ಕ್ಷೌರದಂಗಡಿಗೆ ಬಂದ ಮೆಂತ್ಯ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಅಪ್ಪಾ,

ಮೊದಲು ನಿನಗೆ ಬೇಕಾದ ಸುದ್ದಿ: ನಿನ್ನ ಮೊಮ್ಮಗಳ ತೂಕ ಹೆಚ್ಚಿದೆ! ತಕ್ಕಡಿಯ ಮೇಲೆ ಮಲಗಿಸಿದಾಗ ಅವಳು ಕಿರುಚಿದ ರಭಸಕ್ಕೆ ಡಾಕ್ಟರೇ ಕಿವಿ ಮುಚ್ಚಿಕೊಂಡರು. ಇನ್ನು ಭಯವಿಲ್ಲ ಎಂದರು. ನಾನು ಅಲ್ಲೇ ಗೊಳೋ ಎಂದು ಅತ್ತುಬಿಟ್ಟೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ಹೂಂ, ಸರಿ, ಗಿರಾಕಿ ಕಾಯ್ತಿದಾರೆ ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ಹೆರಿಗೆಯಾಗಿ ನಿನ್ನ ಮನೆಗೆ ಬಂದಾಗ ಅವಳು ಹೇಗಿದ್ದಳು, ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ನನಗೆ ಹಾಲು ಸಾಲುತ್ತಿರಲಿಲ್ಲ. ಅವಳಿಗೆ ಅಳಲೂ ತ್ರಾಣವಿರಲಿಲ್ಲ. ಹೀಗೇ ತೂಕ ಇಳಿದರೆ ಆಸ್ಪತ್ರೆಗೆ ಸೇರಿಸಬೇಕಾದೀತು ಎಂದಿದ್ದರು ಡಾಕ್ಟರು. ಅಮ್ಮ ಇದ್ದಿದ್ದರೆ ಅವಳನ್ನು ಕೇಳುತ್ತಿದ್ದೆ. ಅಮ್ಮ ಹೋಗಿ ವರ್ಷಗಳಾದವು, ಉಳಿದವನು ನೀನೊಬ್ಬ. ನಿನ್ನ ಮುಂದೆ ಹಾಲಿನ ಮಾತೆತ್ತಲು ನನಗೂ ನಾಚಿಕೆ, ಕೇಳಲು ನಿನಗೂ ನಾಚಿಕೆ. ಬಾಗಿಲಾಚೆ ನಿಂತು, ಗೋಡೆ ನೋಡಿಕೊಂಡು, ಆ ವಿಷಯ ಹೇಗಿದೆ ಮಗಾ ಅಂತ ನೀನು ಕೇಳುತ್ತಿದ್ದೆ.

ಅಂಥವನು ಅಂಗಡಿಯಲ್ಲಿ ಏನು ಮಾಡಿದೆ ಮಾರಾಯ! ಗಿರಾಕಿಯ ಕೆನ್ನೆಗೆ ನೊರೆ ಹಚ್ಚಿ, ಗಂಟಲ ಹತ್ತಿರ ಕತ್ತಿ ಹಿಡಿದು, ನಿಮ್ಮ ಮನೆಯೋರು ಬಾಣಂತಿ ಆಗಿದ್ದಾಗ ಹಾಲು ಹೆಚ್ಚಲಿ ಅಂತ ಏನ್ ತಿಂತಿದ್ರು ಸಾರ್ ಎಂದು ಕೇಳಿದೆಯಂತೆ. ಬಾಯಿ ತೆರೆದರೆ ಕೆನ್ನೆ ಹೋದೀತು, ತೆರೆಯದಿದ್ದರೆ ನೀನು ಬಿಡುವವನಲ್ಲ. ಪಾಪ, ಗಂಡಸರಿಗೇನು ಗೊತ್ತು? ಮನೆಗೆ ಹೋಗಿ ಹೆಂಡತಿಯನ್ನೋ ತಾಯಿಯನ್ನೋ ಕೇಳಿ ಪೊಟ್ಟಣ ಹಿಡಿದು ಬಂದರಂತೆ. ಮೇಷ್ಟ್ರು ಮೆಂತ್ಯ, ಬಸ್ ಡ್ರೈವರು ಸೋಂಪು, ಟೈಲರು ಸಬ್ಬಸಿಗೆ ಸೊಪ್ಪು. ತಲೆಯಲ್ಲಿ ಒಂದು ಕೂದಲೂ ಇಲ್ಲದ ಪೋಸ್ಟ್‌ಮ್ಯಾನ್ ಕೂಡ ಬೆಳ್ಳುಳ್ಳಿ ಕೊಡಲೆಂದೇ ಬಂದು ಕುರ್ಚಿಯಲ್ಲಿ ಕೂತು ಹೋದರಂತೆ. ನಿನ್ನ ಅಳಿಯ ಇದನ್ನು ಹೊಟ್ಟೆ ಹಿಡಿದುಕೊಂಡು ನಗುತ್ತಾ ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಬೀದಿಗೆಲ್ಲ ಡಂಗುರ ಸಾರಿದೆಯಲ್ಲಪ್ಪಾ ಎಂದು ಕೂಗಾಡಿದೆ. ನೀನು ನನಗೆಂದು ಎಳ್ಳು ಹುರಿಯುತ್ತಾ ನಿಂತಿದ್ದೆ.

ಮನೆಗೆ ಬಂದ ನರ್ಸಮ್ಮ ಪೊಟ್ಟಣಗಳ ಸಾಲು ನೋಡಿ ನಕ್ಕರು. ಇವು ಕೆಲವರಿಗೆ ಹಿಡಿಸಬಹುದು, ಖಾತ್ರಿ ಹೇಳೋಕಾಗಲ್ಲ, ಔಷಧಿ ಥರ ನುಂಗಬೇಡ, ಊಟದ ಜೊತೆ ಹಿತವಾಗಿ ತಿನ್ನು ಎಂದರು. ಮೆಂತ್ಯ ಜಾಸ್ತಿಯಾಗಿ ನನ್ನ ಹೊಟ್ಟೆ ಗುಡುಗುಡು ಅಂದಾಗ ನೀನೇ ಅದನ್ನು ಡಬ್ಬಿಗೆ ಹಾಕಿ ಮೇಲಿಟ್ಟೆ. ಮಗು ಎದೆ ಹಿಡಿಯುವ ರೀತಿಯನ್ನು ನರ್ಸಮ್ಮ ಸರಿಮಾಡಿದರು. ಅವಳು ಕೇಳಿದಾಗಲೆಲ್ಲ ಕುಡಿಸು, ಮಧ್ಯೆ ನಿದ್ದೆ ಮಾಡು ಎಂದರು. ನಿದ್ದೆಯ ಹೊಣೆ ನೀನು ಹೊತ್ತೆ. ಅಂಗಡಿಗೆ ಬೀಗ ಹಾಕಿ ಬಂದು, ಮಗುವನ್ನು ಭುಜಕ್ಕೆ ಹಾಕಿಕೊಂಡು, ನನ್ನನ್ನು ಗದರಿಸಿ ಮಲಗಿಸುತ್ತಿದ್ದೆ. ಎದ್ದಾಗ ಬಿಸಿ ಊಟ, ಚೊಂಬಿನ ತುಂಬ ನೀರು.

ಹಾಲು ಹೆಚ್ಚಿದ್ದು ಸೊಪ್ಪಿನಿಂದಲೋ, ನಿದ್ದೆಯಿಂದಲೋ, ನನಗೆ ಗೊತ್ತಿಲ್ಲ. ನೀನಿಲ್ಲದಿದ್ದರೆ ನಾನು ಕೈಚೆಲ್ಲಿ ಕೂರುತ್ತಿದ್ದೆ, ಅಷ್ಟು ಗೊತ್ತು. ನಿನ್ನ ಋಣ ದೊಡ್ಡದಪ್ಪಾ. ಗಿರಾಕಿಗಳಿಗೆಲ್ಲ ನಾನು ನೆನೆಸಿಕೊಂಡೆ ಎಂದು ಹೇಳು. ಕೂಗಾಡಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಿನ್ನ
ಬಾಯಿಬಡುಕಿ ಮಗಳು

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಡಾಕ್ಟರು ಹೇಳಿದ್ದಕ್ಕೆ ಸಂಜೆ ಒಂದು ಹೊತ್ತು ಡಬ್ಬಿ ಹಾಲನ್ನೂ ಕೊಡುತ್ತಿದ್ದೇನೆ. ನೀನು ಅಷ್ಟೆಲ್ಲ ಪಾಡುಪಟ್ಟ ಮೇಲೆ ಇದನ್ನು ಹೇಗೆ ಹೇಳಲಿ ಎಂದು ನಿನ್ನ ಅಕ್ಕನ ಹತ್ತಿರ ಫೋನಿನಲ್ಲಿ ಅತ್ತುಕೊಂಡೆ. ಆಗ ಅವರು ಹೇಳಿದರು. ನಾನು ಹುಟ್ಟಿದಾಗ ಅಮ್ಮನಿಗೆ ಹಾಲೇ ಬರಲಿಲ್ಲವಂತೆ. ಬಂದವರೆಲ್ಲ ಅವಳನ್ನು ಚುಚ್ಚಿ ಮಾತಾಡಿದರಂತೆ. ನಿನಗೆ ನಾಚಿಕೆ, ಯಾರನ್ನೂ ಏನೂ ಕೇಳಲಿಲ್ಲವಂತೆ. ತೆಪ್ಪಗೆ ಡಬ್ಬಿ ಹಾಲು ಕಲಸಿ ನನ್ನನ್ನು ಬೆಳೆಸಿದೆಯಂತೆ. ಅಮ್ಮ ಮಾತ್ರ ಕೊನೆಯವರೆಗೂ ಅದನ್ನೇ ನೆನೆದು ನೊಂದಳಂತೆ. ಈ ಸಲ ನೀನು ಯಾರಿಗೋಸ್ಕರ ಬೀದಿಯನ್ನೆಲ್ಲ ಕೇಳಿದೆ ಅಂತ ಈಗ ಅರ್ಥವಾಯಿತಪ್ಪಾ. ಮುಂದಿನ ವಾರ ಇಲ್ಲಿ ನಮ್ಮ ಮನೆಗೆ ಬಾ. ಸಂಜೆಯ ಬಾಟಲಿ ನೀನೇ ಕುಡಿಸು, ನಿನ್ನ ಕೈ ಪಳಗಿದ್ದು.