ಮಜೀದ್ ಉಸ್ತಾದರ ಹೆಬ್ಬೆರಳು

ಮೇ 6, ಮಂಗಳವಾರ. ವಾಡಿ

ಮತ್ತೆ ಸನ್ನತಿಯ ಗುರುಲಿಂಗಯ್ಯನವರ ಮಾರುತಿ. ಇಪ್ಪತ್ತಾರು ವರ್ಷದ ಗಾಡಿ, ನಿಂತಲ್ಲೇ ನಡುಗುತ್ತದೆ. ಎಂಜಿನ್ ಬಿಸಿ ಮಾಡಿ ಮೂರೂ ಪ್ಲಗ್ ಬಿಚ್ಚಿದೆ. ಅವರನ್ನೇ ಕೂರಿಸಿ, ಆ್ಯಕ್ಸಿಲರೇಟರ್ ಪೂರ್ತಿ ತುಳಿಸಿ ಸೆಲ್ಫ್ ಹೊಡೆಸಿದೆ. ಗಾಳಿಯ ಒತ್ತಡ ಅಳೆಯುವ ಹೊಸ ಕಂಪ್ರೆಷನ್ ಗೇಜಿನಲ್ಲಿ ಒಂದನೇ ಸಿಲಿಂಡರ್ 160. ಮೂರನೇದು 155. ನಡುವಿನದು 70. ಒಂದು ಚಮಚ ಆಯಿಲ್ ಬಿಟ್ಟು ನೋಡಿದೆ — ಅದೇ 70. ಪಿಸ್ಟನ್ ರಿಂಗ್ ಸವೆದಿದ್ದರೆ ಒತ್ತಡ ಏರಬೇಕಿತ್ತು. ವಾಲ್ವ್ ಸುಟ್ಟಿರಬೇಕು. ಎಂಜಿನ್ ಹೆಡ್ ಬಿಚ್ಚಲೇಬೇಕು.

ಅಷ್ಟರಲ್ಲಿ ಮಜೀದ್ ಉಸ್ತಾದ್ ಗ್ಯಾರೇಜಿಗೆ ಬಂದರು. ಸೆಲ್ಫ್ ಹೊಡೆಸಿ, ಗಾಳಿಯ ಹೊಡೆತ ನೋಡಲು ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿದರು, ಒಂದೊಂದಕ್ಕೂ.

"ಆ ಗೇಜಿನ ಘಡಿ ತೆಗಿಯೋ ಚಂದ್ರಾಮ. ಮೂವತ್ತೈದು ವರ್ಷ ಈ ಹೆಬ್ಬಟ್ಟೇ ನನ್ನ ಗೇಜು. ಮೂರೂ ಬರೋಬರಿ ಅವ. ಕಾರ್ಬೊರೇಟರ್ ಸೆಟ್ ಮಾಡು ಸಾಕು."

"ಮಜೀದ್ ಸಾಬ್ರು ಹೇಳಿದ ಮ್ಯಾಲ ಮುಗೀತು ಬಿಡು," ಅಂದರು ಗುರುಲಿಂಗಯ್ಯ. ಗಾಡಿ ಒಯ್ದರು. ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಇದೇ ತಿಂಗಳು ದಿನ ತುಂಬುತ್ತವೆ. ಆಸ್ಪತ್ರೆಗೆ ಒಯ್ಯಲು ಇದೇ ಗಾಡಿ. ನನಗೆ ಸಿಟ್ಟು ನೆತ್ತಿಗೇರಿದೆ.

ಮೇ 7

ಗೇಜಿನ ಮೇಲೇ ಅನುಮಾನ. ರಿಪೇರಿಗೆ ಬಂದಿದ್ದ ಅಮೀರ್ ಅಲಿಯ ಓಮ್ನಿಗೆ ಹಚ್ಚಿ ನೋಡಿದೆ. ಮೂರೂ ಸರಿ. ಗೇಜ್ ಸುಳ್ಳು ಹೇಳುತ್ತಿಲ್ಲ.

ಉಸ್ತಾದರಿಗೆ ಹೇಳಿದೆ. ಗುರುವಿಗೇ ತಿರುಮಂತ್ರ ಹಾಕಿದೆನಂತೆ.

ಮೇ 9, ಶುಕ್ರವಾರ

ಉಸ್ತಾದ್ ನಮಾಜಿಗೆ ಹೋದಾಗ ಗುರುಲಿಂಗಯ್ಯನವರ ಫೋನ್. ಗಾಡಿ ಏರು ಹತ್ತುತ್ತಿಲ್ಲ. ಹೆಡ್ ಬಿಚ್ಚೋಣ, ತನ್ನಿ ಅಂದೆ.

"ಕಲಿಸಿದಾಂವಗಿಂತ ನೀ ದೊಡ್ಡಾಂವ ಆದೇನು?"

ಹದಿನಾಲ್ಕು ವರ್ಷದ ಹಿಂದೆ ನನ್ನ ಹೆಬ್ಬೆರಳು ಹಿಡಿದು ತೂತಿಗೆ ಒತ್ತಿಸಿದವರೇ ಉಸ್ತಾದ್. ಸಾಕಾಗಿದೆ ಈ ಗ್ಯಾರೇಜ್.

ಮೇ 13

ಉಸ್ತಾದ್ ಜೀಪಿನ ಮೇಲೆ ಬಗ್ಗಿದ್ದರು. ಹೆಬ್ಬೆರಳು ಕಾದ ಎಕ್ಸಾಸ್ಟ್ ಪೈಪಿಗೆ ತಾಗಿಕೊಂಡೇ ಇತ್ತು. ಅವರು ಮಾತಾಡುತ್ತಲೇ ಇದ್ದರು... ಚರ್ಮ ಸುಟ್ಟ ವಾಸನೆ ಬಂತು. ನಾನೇ ಕೈ ಎಳೆದೆ.

ಬೊಬ್ಬೆಯನ್ನು ಬೇರೆ ಯಾರದೋ ಕೈ ಅನ್ನುವಂತೆ ನೋಡಿದರು. ಹನ್ನೆರಡು ವರ್ಷದಿಂದ ಅವರಿಗೆ ಶುಗರ್.

"ಎಂದಿನಿಂದ ಹಿಂಗ, ಉಸ್ತಾದ್?"

"ರಂಜಾನ್‌ಕಿಂತ ಮೊದಲಿಂದ. ಥಂಡಿಗೆ ಬಟ್ಟು ಜೋಮು ಹಿಡದಾವ ಅಂದ್ಕೊಂಡಿದ್ದೆ."

ಅಂದರೆ ಅಂದು ಪ್ಲಗ್ ತೂತಿನ ಮೇಲೆ ಆ ಬೆರಳಿಗೆ ಏನೂ ತಿಳಿದಿರಲಿಲ್ಲ. ಒಂದು ವಾರ ಮನಸ್ಸಿನಲ್ಲೇ ಅವರನ್ನು ಬೈದಿದ್ದೆ. ನಾಚಿಕೆಯಾಯಿತು. ಸಿಟ್ಟು ಮಾತ್ರ ಇನ್ನೂ ಹೋಗಿಲ್ಲ — ಹೇಳಬಾರದಿತ್ತೇ?

ಸಂಜೆ ಅವರೇ ಅಂದರು: "ಗುರುಲಿಂಗಯ್ಯಗ ಫೋನ್ ಹಚ್ಚು. ತಪ್ಪು ನಂದು ಅಂತ ನಾನೇ ಹೇಳ್ತೀನಿ."

ಮೇ 14, ಮಧ್ಯಾಹ್ನ

ಗಾಡಿ ಬಂತು. ಹೆಡ್ ಬಿಚ್ಚಿದೆ. ಎರಡನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನ ಅಂಚು ಸುಟ್ಟು ಹಾರಿಹೋಗಿದೆ. ಶನಿವಾರದೊಳಗೆ ಸರಿಮಾಡಿ ಕೊಡುತ್ತೇನೆ, ಮಗಳಿಗೆ ತೊಂದರೆಯಿಲ್ಲ. ಗುರುಲಿಂಗಯ್ಯ ನನ್ನ ಮುಖ ನೋಡಲಿಲ್ಲ, ಉಸ್ತಾದರದೂ ನೋಡಲಿಲ್ಲ.

ಬಿಚ್ಚುವ ಮೊದಲು ಉಸ್ತಾದ್ ಒಂದು ಮಾತು ಕೇಳಿದ್ದರು. "ಎರಡನೇದಕ್ಕ ನಿನ್ನ ಬಟ್ಟು ಇಡು." ಇಟ್ಟೆ. ನನ್ನ ಬೆರಳಿನ ಪಕ್ಕ ತಮ್ಮದನ್ನೂ ಒತ್ತಿದರು. ಗುರುಲಿಂಗಯ್ಯ ಸೆಲ್ಫ್ ಹೊಡೆದರು.

"ದಮ್ ಇಲ್ಲ ಉಸ್ತಾದ್," ಅಂದೆ.

"ಈಗ ಒಂದನೇದಕ್ಕ."

ಗಾಳಿ ನನ್ನ ಬೆರಳನ್ನು ಎತ್ತಿ ಒಗೆಯಿತು. ಅವರದನ್ನೂ. ಅವರು ಬೆರಳನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು.

"ಹೊಡೀತೇನೋ ಚಂದ್ರಾಮ?"

"ಹೊಡೀತು ಉಸ್ತಾದ್. ನಿಮ್ಮ ಬಟ್ಟಿಗೂ ಹೊಡೀತು," ಅಂದೆ.