ಕರಿಬಂಡೆಯನ್ನು ಎಡಕ್ಕೆ ಸರಿಸಿದ ಗೋಡೆ

ಕಲಾಸಂಗ್ರಹಾಲಯದ ಮಾನ್ಯ ನಿರ್ದೇಶಕರೇ,

ತಮ್ಮ ಗೋಡೆ ನನ್ನ ತಂಗಿಯನ್ನು ಬಂಡೆಗೆ ಅಪ್ಪಳಿಸಿದೆ. ಗೋಡೆ ಇರುವುದು ನಗರದಲ್ಲಿ, ಬಂಡೆ ಇರುವುದು ನಮ್ಮ ದ್ವೀಪದೆದುರಿನ ಸಮುದ್ರದಲ್ಲಿ. ಅಷ್ಟು ದೂರದಿಂದ ಇಂಥ ಕೆಲಸ ಸಾಧಿಸಿದ್ದಕ್ಕೆ ಮೊದಲು ಅಭಿನಂದನೆ.

ದ್ವೀಪಗಳ ಬಾಯಿಮಾತಿನ ಚರಿತ್ರೆಯನ್ನು ಕಲೆಯಾಗಿಸುತ್ತೇವೆಂದು ತಮ್ಮ ಕಲಾವಿದರ ತಂಡ ನಮ್ಮ ಮನೆಗೆ ಬಂದು, ಅಜ್ಜಿಯ ಬಾಯಿಗೆ ಮೈಕು ಹಿಡಿದು, ಬಂಡೆಗಳ ನಡುವೆ ದೋಣಿ ನಡೆಸುವ ದಾರಿಯನ್ನು ಹೇಳಿಸಿಕೊಂಡಿತು. ಕರಿಬಂಡೆಯನ್ನು ಎಡಕ್ಕೆ ಬಿಟ್ಟು ಹೋಗಬೇಕೆಂದಳು ಅಜ್ಜಿ. ಅದು ತಪ್ಪು. ಬೇಕೆಂದೇ ಹೇಳಿದ ತಪ್ಪು. ನಮ್ಮಲ್ಲಿ ಕಡಲ ದಾರಿ ಕಲಿಸುವುದೇ ಹಾಗೆ. ಹಿರಿಯರು ಹೇಳುತ್ತ ಹೇಳುತ್ತ ಒಂದು ಸುಳ್ಳು ಸೇರಿಸುತ್ತಾರೆ. ಕೇಳುವವರು ಅದನ್ನು ಹಿಡಿದು ಬೈಯಬೇಕು. ದೋಣಿಯಲ್ಲಿ ಕೂತು ಕಣ್ಣಾರೆ ಕಂಡವರಿಗಷ್ಟೇ ಅದು ಸಿಗುತ್ತದೆ. ಬೈದವರಿಗೆ ಚುಕ್ಕಾಣಿ, ತಲೆಯಾಡಿಸಿದವರಿಗೆ ದೋಣಿಯ ನೀರು ಎತ್ತಿಹಾಕುವ ಕೆಲಸ. ತಮ್ಮ ತಂಡದವರು ಭಕ್ತಿಯಿಂದ ತಲೆಯಾಡಿಸಿದರು. ಒಬ್ಬರಂತೂ ಕಣ್ಣೊರೆಸಿಕೊಂಡರು. ಅಜ್ಜಿ ಬೈಗುಳಕ್ಕಾಗಿ ಕಾದೇ ಕಾದಳು. ಅವರು ಹೋದ ಮೇಲೆ, "ಒಳ್ಳೆ ಮಕ್ಕಳು, ಪಾಪ. ದೋಣಿ ಮಾತ್ರ ಕೊಡಬೇಡಿ," ಅಂದಳು.

ಈಗ ಆ ಸುಳ್ಳು ತಮ್ಮ ಗೋಡೆಯ ಮೇಲೆ ಮೂರಾಳೆತ್ತರದ ಚಿತ್ರವಾಗಿದೆ. ಪಕ್ಕದ ಗುಂಡಿ ಒತ್ತಿದರೆ ಅಜ್ಜಿಯ ದನಿ. ನಮ್ಮ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆಸಿ, ಅದನ್ನೇ ಬಾಯಿಪಾಠ ಮಾಡಿಸಿ ಕಳಿಸಿದಿರಿ. ಅವರಲ್ಲೊಬ್ಬಳಾದ ನನ್ನ ತಂಗಿ ಆ ಬಂಡೆಗಳ ಕಡೆಗೆ ಇನ್ನೂ ದೋಣಿಯಲ್ಲಿ ಹೋದವಳಲ್ಲ. ಸ್ವಂತ ಅಜ್ಜಿಯ ದನಿ, ಮೇಲೆ ಅಷ್ಟು ದೊಡ್ಡ ಗೋಡೆ! ನಂಬದಿರಲು ಅವಳಿಗೇನು ಹುಚ್ಚೇ? ಚಿಕ್ಕಪ್ಪನ ದೋಣಿ ಬಿಚ್ಚಿಕೊಂಡು ಹೋಗಿ ಕರಿಬಂಡೆಯನ್ನು ಎಡಕ್ಕೇ ಬಿಟ್ಟಳು. ದೋಣಿಯ ಅಡಿ ಸೀಳಿತು. ಅವಳು ಈಜಿ ದಡ ಸೇರಿದಳು, ಮೊಣಕಾಲಿನ ಚಿಪ್ಪು ಒಡೆದಿತ್ತು.

ನಾನು ತಮ್ಮಲ್ಲಿಗೆ ಬಂದೆ. ಗುಂಡಿ ಒತ್ತಿ, ನಮ್ಮ ಸಂಪ್ರದಾಯಕ್ಕೆ ಕಿಂಚಿತ್ತೂ ಚ್ಯುತಿ ಬಾರದಂತೆ ಗಂಟಲು ಬಿಚ್ಚಿದೆ: "ಏಯ್ ಮುದುಕಿ, ಯಾರಿಗೆ ಟೋಪಿ ಹಾಕ್ತೀಯಾ? ಬಂಡೆ ಬಲಕ್ಕೆ ಕಣೇ!" ಕಾವಲುಗಾರರು ನನ್ನನ್ನು ಅಂಗಿಯ ಕಾಲರು ಹಿಡಿದು ತಮ್ಮ ಮುಂದೆ ನಿಲ್ಲಿಸಿದರು. ಹಿರಿಯರನ್ನು ಗೌರವಿಸುವುದು ಹೇಗೆಂದು ತಾವು ಉಪದೇಶ ಕೊಟ್ಟಿರಿ. ನಮ್ಮ ಅಜ್ಜಿಯ ಬಗ್ಗೆ, ನನಗೆ! ಎಲ್ಲವನ್ನೂ ವಿವರಿಸಿದ ಮೇಲೂ ತಮ್ಮ ಉತ್ತರ ಇಷ್ಟೇ: "ನೋಡಪ್ಪ, ಇದು ಕಲೆ. ಇದನ್ನ ನೋಡ್ಕೊಂಡು ಯಾರೂ ದೋಣಿ ಓಡ್ಸಲ್ಲ." ಓಡಿಸಿದವಳು ಹೊರಗೆ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದಳು. ತಾವು ಬಾಗಿಲಾಚೆ ಇಣುಕಲೂ ಇಲ್ಲ. ಈಗ ಅದೇ ಚಿತ್ರವನ್ನು, ಅದೇ ದನಿಯನ್ನು ದ್ವೀಪಗಳ ಶಾಲೆ ಶಾಲೆಗೂ ಕಳಿಸುತ್ತೀರಂತೆ. ಎಷ್ಟು ಮೊಣಕಾಲು ಒಡೆದರೆ ಪ್ರದರ್ಶನ ಯಶಸ್ವಿ ಎಂದು ಲೆಕ್ಕ?

ನನ್ನ ಆಗ್ರಹ ಕೇಳಿ. ಕಳಿಸುವುದನ್ನು ಇಂದೇ ನಿಲ್ಲಿಸಿ. ನನ್ನ ಬೈಗುಳವನ್ನು ರೆಕಾರ್ಡು ಮಾಡಿ ಅಜ್ಜಿಯ ದನಿಯ ಬೆನ್ನಿಗೇ ಜೋಡಿಸಿ. ಅದಿಲ್ಲದೆ ನಮ್ಮ ದಾರಿ ಪೂರ್ತಿಯಾಗುವುದಿಲ್ಲ. ಆಮೇಲೆ ತಾವೇ ದ್ವೀಪಕ್ಕೆ ಬನ್ನಿ. "ಮಗೂನ ಕಾಲು ಮುರಿದದ್ದು ನನ್ನ ಬಾಯಿ," ಎಂದು ಅಜ್ಜಿ ಯಾರಿಗೂ ದಾರಿ ಹೇಳುವುದನ್ನೇ ಬಿಟ್ಟಿದ್ದಾಳೆ. ಮುರಿದದ್ದು ಅವಳ ಬಾಯಲ್ಲ, ತಮ್ಮ ಗೋಡೆ ಎಂದು ಅವಳೆದುರು ಕೂತು ಹೇಳಿ. ನಾವು ಹೇಳಿದರೆ ನಂಬುತ್ತಿಲ್ಲ.

ಇಂತಿ,
ಬೈಯಲು ಅಜ್ಜಿಯ ಒಂದು ಸುಳ್ಳೂ ಸಿಗದೆ ಕೂತಿರುವ ಮೊಮ್ಮಗ